ಕಾಲುಚೀಲದ ಅಕ್ಕೋರು

ಮೊದಲಿಗೇ ಹೇಳಿಬಿಡುತ್ತೇನೆ: ಅಕ್ಕೋರು ನನ್ನ ಮೊಮ್ಮಗಳ ಕೈ ನೆಟ್ಟಗೆ ಮಾಡಲಿಲ್ಲ. ನಮ್ಮೂರು ಐಗಳಿಯಲ್ಲಿ ಜನ ಹಾಗೆ ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ. ಹುಡುಗಿಯ ಬಲಗೈ ಇವತ್ತಿಗೂ ಮಲಗಿದ ಕೋಳಿಯ ಕಾಲಿನ ಹಾಗೆ ಎದೆಗೆ ಮಡಚಿಕೊಂಡೇ ಇದೆ. ಅಕ್ಕೋರು ನೆಟ್ಟಗೆ ಮಾಡಿದ್ದು ನನ್ನನ್ನು, ಅದನ್ನೂ ಅರ್ಧಕ್ಕೆ ಬಿಟ್ಟು ಹೋದರು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಕೆಂಪು ಹೆಲ್ಮೆಟ್ಟು. ಅವರ ಗಂಡ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಸ್ಕೂಟಿಯ ಮೇಲೆ ಬರುತ್ತಿದ್ದರು, ಬರುವಾಗ ಬಟ್ಟೆಯಲ್ಲಿ ಕಾಕಂಬಿಯ ವಾಸನೆಯನ್ನೂ ತರುತ್ತಿದ್ದರು. ನಮ್ಮ ಅಂಗಳದಲ್ಲಿ ಒಂದು ಹುಂಜ ಇತ್ತು, ಕಂಡವರ ಕಾಲು ಕುಕ್ಕುವಂಥದ್ದು. ಅಕ್ಕೋರು ಗಾಡಿ ನಿಲ್ಲಿಸಿದವರೇ ಹೆಲ್ಮೆಟ್ಟು ತೆಗೆಯದೆ ಒಂದೇ ಓಟದಲ್ಲಿ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು.

"ಹುಂಜ ಕುಕ್ಕೋದು ಕಾಲಿಗೆ. ತಲಿಗೆ ಯಾಕ ಡಬ್ಬಿ ಹಾಕ್ಕೊಂಡೀರಿ?" ಎಂದು ನಾನು ಕೇಳಿದರೆ, "ಅದು ಹಾರತೈತಲ್ರಿ ಆಯಿ!" ಎಂದು ಹೆಲ್ಮೆಟ್ಟಿನ ಒಳಗಿನಿಂದಲೇ ಉತ್ತರ.

ಚಹಾ ಕೈಗೆ ಬಂದ ಮೇಲೆಯೇ ಅದು ತಲೆಯಿಂದ ಇಳಿಯುವುದು. ಆಮೇಲೆ ಬೆವತ ದುಂಡು ಮುಖ, ಜಾರುವ ಕನ್ನಡಕ. ಅವರ ಕೈಗೆ ಯಾವಾಗಲೂ ಹಿಟ್ಟೋ ಮಣ್ಣೋ ಬಣ್ಣವೋ ಮೆತ್ತಿಕೊಂಡಿರುತ್ತಿದ್ದರಿಂದ ಕನ್ನಡಕವನ್ನು ಮೊಣಕೈಯಿಂದಲೇ ಮೇಲಕ್ಕೆ ತಳ್ಳುತ್ತಿದ್ದರು. ಹೆಗಲಿನ ಚೀಲದಲ್ಲಿ ಒಂಟಿ ಕಾಲುಚೀಲಗಳು ತುಂಬಿರುತ್ತಿದ್ದವು. ಪಟ್ಟೆಯವು, ಹೂವಿನವು, ಶಾಲೆ ಮಕ್ಕಳವು, ಯಾವುದಕ್ಕೂ ಜೋಡಿ ಇಲ್ಲ. ನಮ್ಮ ಓಣಿಯವರು ಮೊದಲು ಅವರನ್ನು ವ್ಯಾಪಾರಕ್ಕೆ ಬಂದವರು ಎಂದೇ ತಿಳಿದರು. ಎದುರು ಮನೆಯಾಕೆಯಂತೂ ಜೋಡಿ ಹುಡುಕಿ ಕೊಡಲು ಹೇಳಿ ಚೌಕಾಸಿಗೆ ಕೂತಿದ್ದಳು.

ಅವರ ಕೆಲಸದ ಹೆಸರು ಆಕ್ಯುಪೇಶನಲ್ ಥೆರಪಿ. ಹೆಸರು ಹೇಳುವಷ್ಟರಲ್ಲಿ ಹಾಲು ಉಕ್ಕಿ ಹೋಗುತ್ತದೆ. ನಾನು ಅಕ್ಕೋರು ಎಂದೆ, ಓಣಿಯವರು ಕಾಲುಚೀಲದ ಅಕ್ಕೋರು ಎಂದರು, ಅದೇ ನಿಂತಿತು.

ನನ್ನ ಮೊಮ್ಮಗಳು ಸಾವಿ ಹುಟ್ಟಿದಾಗ ಕೂಡಲೇ ಅಳಲಿಲ್ಲ. ವರ್ಷವಾದರೂ ಬಲಗೈ ಮುಷ್ಟಿ ಬಿಡಲಿಲ್ಲ, ಬಲಗಾಲು ಎಳೆಯುತ್ತಿತ್ತು. ಮಿರಜಿನ ದವಾಖಾನೆಗೆ ತೋರಿಸಿದಾಗ ಡಾಕ್ಟರು ಸೆರೆಬ್ರಲ್ ಪಾಲ್ಸಿ ಎಂದರು. ಹುಡುಗಿಯ ತಿಳಿವಳಿಕೆಗೆ ಏನೂ ಆಗಿಲ್ಲ, ಮೆದುಳು ಹೇಳಿದ್ದು ಬಲಗಡೆಯ ಕೈಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಅಷ್ಟೇ, ಎಂದು ಬಿಡಿಸಿ ಹೇಳಿದರು. ನಾನು ಎಣ್ಣೆ ತಿಕ್ಕಿದೆ, ಬೆರಳು ಎಳೆದೆ, ತಾಯತ ಕಟ್ಟಿದೆ. ಕೈಗೆ ಎಣ್ಣೆಯೂ ಗೊತ್ತಾಗಲಿಲ್ಲ, ತಾಯತವೂ ಗೊತ್ತಾಗಲಿಲ್ಲ.

ಹುಡುಗಿಗೆ ಆರು ವರ್ಷವಾಗುವವರೆಗೆ ಉಣಿಸುತ್ತಿದ್ದವಳು ನಾನು. ಮಗ ಸೊಸೆ ಇಬ್ಬರೂ ದ್ರಾಕ್ಷಿ ತೋಟದಲ್ಲಿ. ಹುಡುಗಿ ಒಮ್ಮೊಮ್ಮೆ ಎಡಗೈಯನ್ನು ತಾಟಿಗೆ ಚಾಚುತ್ತಿದ್ದಳು, ನಾನು ಪಟ್ಟನೆ ಹೊಡೆಯುತ್ತಿದ್ದೆ. ಎಡಗೈಯಲ್ಲಿ ಉಂಡರೆ ಎಲ್ಲರ ಮನೆಯಲ್ಲೂ ಹೊಡೆಯುತ್ತಾರೆ. ಆದರೆ ಬರುವ ಜೂನಿಗೆ ಶಾಲೆ ಇತ್ತು. ಶಾಲೆಯವರು, ಕಳಿಸಿ, ನಾವು ಕಲಿಸುತ್ತೇವೆ, ಮಧ್ಯಾಹ್ನ ಉಣಿಸಲಿಕ್ಕೆ ಮಾತ್ರ ಮನೆಯವರು ಬರಬೇಕು ಎಂದಿದ್ದರು. ಹೋಗಬಹುದು, ನನ್ನ ಮೊಣಕಾಲು ಇರುವವರೆಗೆ. ಆಮೇಲೆ? ನಾನು ಸತ್ತ ಮೇಲೆ ಈ ಹುಡುಗಿಯ ಬಾಯಿಗೆ ತುತ್ತಿಡುವವರು ಯಾರು? ನನಗಿದ್ದ ಚಿಂತೆ ಅದೊಂದೇ. ಉಳಿದದ್ದೆಲ್ಲ ದೇವರು ನೋಡಿಕೊಳ್ಳಲಿ, ಊಟ ಮಾತ್ರ ದೇವರು ಉಣಿಸುವುದಿಲ್ಲ.

ಹೀಗಿರುವಾಗ ಅಥಣಿಯಿಂದ ಯಾರೋ ಹೇಳಿ ಅಕ್ಕೋರು ಬಂದರು. ಮೊದಲ ದಿನ ಏನೂ ಮಾಡಲಿಲ್ಲ. ಹುಡುಗಿಯ ಕೈ ಕೂಡ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು ನಾನು ಉಣಿಸುವುದನ್ನೇ ನೋಡಿದರು. ನಾನೂ ತೋರಿಸಿಯೇಬಿಡೋಣ ಎಂದು ಚಕಚಕ ಉಣಿಸಿದೆ. ಚಹಾ ಆರುವಷ್ಟರಲ್ಲಿ ತಾಟು ಖಾಲಿ.

"ಹುಡುಗಿ ಊಟ ಯಾವಾಗ್ರಿ ಆಯಿ?" ಎಂದು ಕೇಳಿದರು.

"ಈಗ ಕಣ್ಣಮುಂದ ಉಂಡ್ಲಲ್ರಿ!"

"ಆಕಿ ಎಲ್ಲಿ ಉಂಡ್ಲು? ನೀವು ತುಂಬಿದ್ರಿ. ಚೀಲದ ಬಾಯಿ ತೆರದು ಜ್ವಾಳ ತುಂಬಿದಂಗ."

ನನಗೆ ಸಿಟ್ಟು ಬಂತು. ಸೊಸೆ ಒಲೆಯ ಕಡೆ ಮುಖ ತಿರುಗಿಸಿ ನಕ್ಕಳು. ಅದನ್ನೂ ನೋಡಿದೆ.

ಎರಡನೇ ಸಲ ಬಂದಾಗ ದ್ರಾಕ್ಷಿ ತುಂಬುವ ಒಂದು ಪ್ಲಾಸ್ಟಿಕ್ ಕ್ರೇಟು ಕೇಳಿದರು. ಮಗ ಹಳೆಯದು ತಂದುಕೊಟ್ಟ. ಬೇಡ, ಗಟ್ಟಿಯಾದದ್ದು ಬೇಕು ಎಂದು ಹೊಸದನ್ನೇ ಎತ್ತಿಕೊಂಡು ಕರಗಸದಿಂದ ಅದರ ಒಂದು ಬದಿ ಕತ್ತರಿಸಿಬಿಟ್ಟರು. ಮಗನ ಮುಖ ನೋಡಬೇಕಿತ್ತು. ಒಳಗೆ ಗೋಣಿತಟ್ಟು ಮಡಚಿ ಹಾಕಿ ಹುಡುಗಿಯನ್ನು ಕೂರಿಸಿದರು. ಬೆನ್ನಿಗೆ ಆಸರೆ, ಎರಡೂ ಬದಿಗೆ ಗೋಡೆ, ಕಾಲು ನೆಲಕ್ಕೆ ಊರಿ.

"ಕಾಲು ಜೋತಬಿದ್ರ ಕೈ ಕೆಲಸಾ ಮಾಡಂಗಿಲ್ರಿ. ಬಿದ್ದೇನೋ ಅನ್ನೋದ್ರಾಗ ಅದರ ಶಕ್ತಿ ಎಲ್ಲಾ ಹೋಗತೈತಿ" ಎಂದರು.

ಕಾಲಿಗೂ ಕೈಗೂ ಏನು ಸಂಬಂಧ ಎಂದು ನಾನು ನಂಬಲಿಲ್ಲ. ಅವರು ಹೋದ ಮೇಲೆ ಕಾಳಿನ ಡ್ರಮ್ಮಿನ ಮೇಲೆ ಕಾಲು ಜೋತುಬಿಟ್ಟು ಕೂತು, ಸೂಜಿಗೆ ದಾರ ಪೋಣಿಸಲು ನೋಡಿದೆ. ದಾರವೂ ಹೋಗಲಿಲ್ಲ, ಇಳಿಯಲೂ ಬರಲಿಲ್ಲ. ಸೊಸೆ ಬಂದು ಇಳಿಸಿದಳು. ಈ ವಿಷಯ ಅಕ್ಕೋರಿಗೆ ಹೇಳಬಾರದೆಂದು ಆಣೆ ಹಾಕಿಸಿದೆ. ಮುಂದಿನ ವಾರವೇ ಅವರಿಗೆ ಗೊತ್ತಿತ್ತು.

ಆಮೇಲೆ ಕಾಲುಚೀಲ ಹೊರಗೆ ಬಂತು. ನೀಲಿ ಪಟ್ಟೆಯದು. ಹುಡುಗಿಯ ಒಳ್ಳೆಯ ಕೈಗೆ, ಅಂದರೆ ಎಡಗೈಗೆ ತೊಡಿಸಿ, ಮುಂದೆ ಒಣದ್ರಾಕ್ಷಿ ಹರಡಿದರು. ಎಡಗೈ ಕಟ್ಟಿದಂತಾಯಿತಲ್ಲ, ಈಗ ಬಲಗೈ ಕೆಲಸಕ್ಕೆ ಇಳಿಯಲೇಬೇಕು. ಹುಡುಗಿ ಮುಷ್ಟಿಯಿಂದ ಒಣದ್ರಾಕ್ಷಿ ತಳ್ಳಿದಳು, ಚದುರಿಸಿದಳು, ಒಂದನ್ನು ಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಾಯಿಗೆ ಹಾಕಿಕೊಂಡಳು.

ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಎಡಗೈ ಕಟ್ಟಬೇಕು ಎಂದು ನಾನು ಎಂದಿನಿಂದ ಹೇಳುತ್ತಿದ್ದೇನೆ! ಸಾಯಂಕಾಲದೊಳಗೆ ಓಣಿಯ ತುಂಬ ಸಾರಿ ಬಂದೆ: "ಕಲತವರೂ ನನ್ನಂಗ ಹೇಳಾಕತ್ತಾರ ನೋಡ್ರಿ. ಎಡಗೈ ಬಂದ್!"

ಕಾಲುಚೀಲ ಹಾಕುವುದು ದಿನಕ್ಕೆ ಒಂದು ತಾಸು, ಅದೂ ಆಟದ ಹೊತ್ತಿನಲ್ಲಿ, ಎಂದು ಅಕ್ಕೋರು ಹೇಳಿ ಹೋಗಿದ್ದರು. ನಾನು ಬೆಳಿಗ್ಗೆಯಿಂದ ಮಲಗುವವರೆಗೆ ಹಾಕಿದೆ. ಒಂದು ತಾಸಿಗೆ ಇಷ್ಟು ಗುಣವಾದರೆ ಇಡೀ ದಿನಕ್ಕೆ ಎಷ್ಟಾಗಬೇಡ? ಹುಡುಗಿ ಕೂಗಿ ಓಣಿ ಎತ್ತಿದಳು, ಕಾಲುಚೀಲವನ್ನು ಹಲ್ಲಿನಿಂದ ಹರಿದಳು, ಹುಂಜವೂ ಹೆದರಿ ಹಿತ್ತಿಲು ಸೇರಿತು. ಸೊಸೆ ಫೋನು ಮಾಡಿದಳು. ಅಕ್ಕೋರು ಬಂದವರು ಹೆಲ್ಮೆಟ್ಟು ತೆಗೆಯದೆಯೇ ಬೈಯಲು ಶುರು ಮಾಡಿದರು.

"ಒಂದ ತಾಸ ಅಂದಿದ್ದೆ ಆಯಿ!"

"ಜಾಸ್ತಿ ಹಾಕಿದ್ರ ಲಗೂನ ಆಗತೈತಿ ಅಂತ ಹಾಕೀನಿ."

"ನೀವು ಬೀಪಿ ಗುಳಗಿ ವಾರದ್ದೆಲ್ಲಾ ಒಮ್ಮೆಲೆ ನುಂಗ್ತೀರೇನು?"

"ತೆಲಸಂಗದಾಗಿನ ಬೀಗರ ಮನಿಗೆ ಹೋಗೋ ಮುಂದ ಎರಡ ದಿವಸದ್ದು ಕೂಡೇ ನುಂಗಿದ್ದೆ. ಏನೂ ಆಗ್ಲಿಲ್ಲ."

ಅಕ್ಕೋರು ಹೆಲ್ಮೆಟ್ಟು ತೆಗೆದು ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ತಾವೂ ಕೂತರು. "ಥಾಂಬಾ. ಥಾಂಬಾ ಆಯಿ" ಎಂದರು.

ಅವರು ಚಿಕ್ಕೋಡಿ ಕಡೆಯವರು, ಸಿಟ್ಟು ಬಂದರೂ ದಣಿವಾದರೂ ಮರಾಠಿ ಬರುತ್ತಿತ್ತು. ನನಗೆ ಅವರು ಅತಿ ಹೆಚ್ಚು ಹೇಳಿದ ಮಾತೇ ಈ ಥಾಂಬಾ, ಅಂದರೆ ನಿಲ್ಲಿರಿ. ಹುಡುಗಿ ಗುಂಡಿ ಹಾಕಿಕೊಳ್ಳಲು ಒದ್ದಾಡಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಥಾಂಬಾ. ಹತ್ತು ಎಣಸ್ರಿ, ಆಮ್ಯಾಲೆ ಕೈ ಹಾಕ್ರಿ." ನಾನು ಮೂರನೇ ಇಯತ್ತೆ ಕಲಿತವಳು, ಹತ್ತು ಎಣಿಸಲು ಬರುತ್ತದೆ. ಆದರೆ ಹುಡುಗಿ ಕಷ್ಟಪಡುವಾಗ ನನ್ನ ಲೆಕ್ಕ ಒಂದು, ಎರಡು, ಹತ್ತು ಎಂದು ಓಡುತ್ತಿತ್ತು. ನಡುವಿನ ಅಂಕಿಗಳು ಎಲ್ಲಿ ಹೋದವು ಎಂದು ಅಕ್ಕೋರು ಕೇಳುತ್ತಿದ್ದರು. ಸಾವಿಗೇ ಎಣಿಸುವ ಕೆಲಸ ಕೊಟ್ಟರು. ಅವಳ ಮಾತು ನಿಧಾನ. ಅವಳು ಹತ್ತು ಮುಟ್ಟುವಷ್ಟರಲ್ಲಿ ಗುಂಡಿ ಹಾಕಿ ಆಗಿರುತ್ತಿತ್ತು.

ಹೀಗೆ ದ್ರಾಕ್ಷಿ ಒಣಗಿಸುವ ಕಾಲವೆಲ್ಲ ನಡೆಯಿತು. ಬಲಗೈ ಮುಷ್ಟಿ ಬಿಟ್ಟು ಅಂಗೈ ಊರುವಷ್ಟಾಯಿತು. ನಾದಿದ ಹಿಟ್ಟನ್ನು ಒತ್ತಿ ಹಿಡಿಯುತ್ತಿತ್ತು. ತಾಟಿನ ಅಂಚಿನ ಮೇಲೆ ಭಾರ ಹಾಕಿದರೆ ತಾಟು ಜರುಗುತ್ತಿರಲಿಲ್ಲ. ನಾನು ದಿನಾ ಕಾಯುತ್ತಿದ್ದೆ, ಇವತ್ತು ತುತ್ತು ಎತ್ತುತ್ತದೆ, ನಾಳೆ ಎತ್ತುತ್ತದೆ ಎಂದು.

ಒಂದು ದಿನ ಅಕ್ಕೋರು ಕಾಲುಚೀಲ ಮಡಚಿ ಚೀಲಕ್ಕೆ ಹಾಕಿಕೊಂಡರು. ಒಂದು ಚಮಚ ತೆಗೆದರು. ಅದರ ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದ್ದರು. ಅದನ್ನು ಹುಡುಗಿಯ ಎಡಗೈಗೆ ಕೊಟ್ಟರು.

"ಕೈ ತಪ್ಪೈತ್ರಿ" ಎಂದೆ.

"ಇಲ್ರಿ. ಇನ್ನ ಮ್ಯಾಲೆ ಬಲಗೈ ಹಿಡಿಯೋ ಕೈ, ಎಡಗೈ ಉಣ್ಣೋ ಕೈ. ಅನ್ನಕ್ಕ ಚಮಚ, ರೊಟ್ಟಿಗೆ ಬೆರಳು."

ಮೈ ಉರಿಯಿತು. ಇಷ್ಟು ದಿನ ನನ್ನ ಪಾರ್ಟಿಯಲ್ಲಿದ್ದವರು ಒಮ್ಮೆಲೇ ಪಕ್ಷ ಬದಲಿಸಿದ ಹಾಗೆ. "ಹಂಗಾರ ಇಷ್ಟ ದಿವಸ ಎಡಗೈ ಯಾಕ ಕಟ್ಟಿದ್ರಿ?"

"ಬಲಗೈಗೆ ತನ್ನ ಕೆಲಸಾ ಗೊತ್ತಾಗ್ಲಿ ಅಂತ. ಗೊತ್ತಾತು. ಅದಕ್ಕ ಇಷ್ಟ ಆಗತೈತಿ. ಆಗಲಾರದ್ದಕ್ಕ ಕಾಯ್ಕೋಂತ ಕುಂತ್ರ ಹುಡುಗಿ ಮುದುಕಿ ಆಗ್ತಾಳ, ಬಾಯಿ ತಕ್ಕೊಂಡ ಕುಂತಿರ್ತಾಳ."

"ಎಡಗೈ ಯಾತಕ್ಕ ಐತಿ ಅಂತ ಗೊತ್ತೈತಿಲ್ಲೋ ನಿಮಗ?"

"ಗೊತ್ತೈತ್ರಿ. ಸಾಬೂನು ಯಾತಕ್ಕ ಐತಿ ಅಂತ ನಿಮಗ ಗೊತ್ತೈತಿಲ್ಲೋ?"

ನಾನು ಸೋಲುವವಳಲ್ಲ. "ಸಾಬೂನಿಲೆ ತೊಳದ್ರೂ ಎಡಗೈ ಎಡಗೈನ. ನಮ್ಮ ಮನ್ಯಾಗ ಎಡಗೈ ಅನ್ನ ಇಲ್ಲ."

ಅಕ್ಕೋರು ಕನ್ನಡಕವನ್ನು ಮೊಣಕೈಯಿಂದ ತಳ್ಳಿಕೊಂಡು ಶಾಂತವಾಗಿ ಕೇಳಿದರು: "ಹುಡುಗಿನ ಯಾವ ಕೈಲೆ ತೊಳಿತೀರಿ ಆಯಿ?"

"ಎಡಗೈಲೆ."

"ಉಣಸೋದು?"

"ಬಲಗೈಲೆ, ಮತ್ತ!"

"ರೊಟ್ಟಿ ಹಿಟ್ಟು ನಾದೋದು?"

ನಾನು ಬಾಯಿ ತೆರೆದೆ. ಮುಚ್ಚಿದೆ. ಒಲೆಯ ಮುಂದೆ ಸೊಸೆ ಎರಡೂ ಕೈ ಹಿಟ್ಟಿನಲ್ಲಿ ಹುಗಿದು ನಿಂತಿದ್ದವಳು ಹಾಗೆಯೇ ನಿಂತಳು.

"ಎರಡೂ ಕೈಲೆ ನಾದ್ತೀರಿ. ಹಂಗಾರ ಈ ಮನಿ ಮಂದಿಯೆಲ್ಲಾ ಹುಟ್ಟಿದಾಗಿನಿಂದ ನಿಮ್ಮ ಎಡಗೈ ರೊಟ್ಟಿನ ಉಂಡಾರ. ಯಾರ ಸತ್ತಾರ?"

ಉತ್ತರವಿಲ್ಲದಿದ್ದಾಗ ನಾನು ಸಿಟ್ಟು ಮಾಡುತ್ತೇನೆ, ಮಾಡಿದೆ. ಅಕ್ಕೋರು ಆ ಸಿಟ್ಟನ್ನು ಕೇಳುತ್ತಲೇ ಚೀಲದಲ್ಲಿ ಕೈ ಹಾಕಿ ಎಲ್ಲಕ್ಕಿಂತ ದೊಡ್ಡ ಕಾಲುಚೀಲ ಹುಡುಕಿದರು. ಯಾವನೋ ಪೋಲೀಸಿನವನದು ಇರಬೇಕು, ಖಾಕಿ ಬಣ್ಣದ್ದು. ನಾನು ಏನು ಎತ್ತ ಎನ್ನುವುದರೊಳಗೆ ಅದು ನನ್ನ ಬಲಗೈಯನ್ನು ಮೊಣಕೈವರೆಗೆ ನುಂಗಿತ್ತು.

"ಇವತ್ತೊಂದು ಊಟಾ ಎಡಗೈಲೆ ಮಾಡ್ರಿ. ಮಾಡಿದ ಮ್ಯಾಲೆ ಬೈರಿ, ಕುಂತ ಕೇಳ್ತೀನಿ."

ಹಟಕ್ಕೆ ಕೂತೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಒಂದೇ ಕೈಯಲ್ಲಿ ರೊಟ್ಟಿ ಮುರಿದು ನೋಡಿ, ಗೊತ್ತಾಗುತ್ತದೆ. ನಾನು ಎಳೆದ ಕಡೆಗೆ ರೊಟ್ಟಿ ಬಂತು, ರೊಟ್ಟಿಯ ಹಿಂದೆ ತಾಟೂ ಬಂತು. ಪಲ್ಯ ಗಲ್ಲಕ್ಕೆ ಹೋಯಿತು, ಚಟ್ನಿ ಸೆರಗಿಗೆ. ಎದುರು ಮನೆಯಾಕೆ ಮೊಸರು ಕೇಳಲು ಬಂದವಳು ಮೊಸರು ಮರೆತು ಬಾಗಿಲಲ್ಲೇ ನಿಂತಳು. ನನ್ನ ಎದುರಿಗೆ ಕ್ರೇಟಿನಲ್ಲಿ ಕೂತ ಸಾವಿ ಬಲಗೈಯಿಂದ ತನ್ನ ತಾಟು ಒತ್ತಿ ಹಿಡಿದು, ಎಡಗೈಯಿಂದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ನಿಧಾನವಾಗಿ ಕೈ ಚಾಚಿದಳು. ತನ್ನ ಬಾಯಿಗಲ್ಲ, ನನ್ನ ಬಾಯಿಗೆ.

"ಹಾಂ... ಬಾಯಿ ದೊಡ್ಡದ ಮಾಡ... ಲಗೂ ಲಗೂ" ಎಂದಳು.

ನಾನು ಉಣಿಸುವಾಗ ದಿನಾ ಹೇಳುವ ಮಾತು, ಅದೇ ಧಾಟಿಯಲ್ಲಿ. ಬಾಯಿ ತೆರೆದೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು, ಸೊಸೆಗೆ ಹೇಳಿದೆ. ಅಕ್ಕೋರು ಅಂದು ಎರಡು ರೊಟ್ಟಿ ತಾವೂ ಉಂಡು ಹೋದರು.

ಜೂನಿನಲ್ಲಿ ಸಾವಿ ಶಾಲೆಗೆ ಹೋದಳು. ಕತ್ತರಿಸಿದ ಕ್ರೇಟೂ ಹೋಯಿತು. ಮೊದಮೊದಲು ಮಕ್ಕಳು ಎಡಗೈ ಎಡಗೈ ಎಂದು ಕೂಗಿದರಂತೆ. ವಾರದಲ್ಲಿ ಅವರಿಗೇ ಬೇಜಾರಾಗಿ ಬಿಟ್ಟರು. ಮಧ್ಯಾಹ್ನ ಯಾರೂ ಹೋಗಬೇಕಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಅಕ್ಕೋರ ಗಂಡನಿಗೆ ಬಾಗಲಕೋಟೆ ಕಡೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೇಳಿ ಹೋಗಲು ಬಂದವರು ಅಂಗಳದಲ್ಲೇ ಹೆಲ್ಮೆಟ್ಟು ತೆಗೆದರು. ಹುಂಜವನ್ನು ಅಷ್ಟರಲ್ಲಿ ನಾವು ತಿಂದಿದ್ದೆವು. "ಮೊದಲ ತಿನ್ನಬಾರದಾಗಿತ್ತೇನ್ರಿ!" ಎಂದು ನಕ್ಕರು. ನಾನು ಅಳಲಿಲ್ಲ, ಅವರೂ ಅಳಲಿಲ್ಲ. ಒಂದು ಪಾವು ಒಣದ್ರಾಕ್ಷಿ ಕಟ್ಟಿಕೊಟ್ಟೆ, ಅವರು ಕಿಲೋ ಕೇಳಿದರು, ಕೊಟ್ಟೆ. ಗಾಡಿ ಏರಿದ ಮೇಲೆ ಹೇಳಿದರು: "ಹುಡುಗಿ ಕೈ ಕೆಲಸಾ ಮುಗೀತ್ರಿ ಆಯಿ. ಇನ್ನ ನಿಮ್ಮ ಕೈ ಉಳೀತು."

ನನ್ನ ಕೈಗೆ ಏನಾಗಿದೆ ಎಂದುಕೊಂಡೆ. ತಿಳಿದದ್ದು ಹಿರಿಯ ನೆಗೆಣ್ಣಿಯ ಹೊಸ ಮನೆಯ ವಾಸ್ತುಶಾಂತಿಯ ದಿನ.

ಹಿರಿಯ ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಇದೇ ಊರಿನಲ್ಲಿ ದ್ರಾಕ್ಷಿಯ ದುಡ್ಡಿನಲ್ಲಿ ಎರಡಂತಸ್ತು ಎತ್ತಿದ್ದಾರೆ. ಮೊದಲ ಪಂಕ್ತಿಯಲ್ಲಿ ಬೀಗರು, ನೆಂಟರು, ಊರ ಹಿರಿಯರು. ನಡುವೆ ನಾನು, ಸಾವಿ, ಸೊಸೆ. ಹುಡುಗಿ ಹೊಸ ಲಂಗ ಉಟ್ಟು, ಬಲಗೈಯಿಂದ ಎಲೆಯ ಅಂಚು ಒತ್ತಿಕೊಂಡು, ಎಡಗೈಯಿಂದ ಹೋಳಿಗೆ ಮುರಿದಳು. ನೆಗೆಣ್ಣಿ ತುಪ್ಪ ಬಡಿಸುತ್ತ ಬಂದವಳು ನಿಂತಳು.

"ಏ ಹುಡುಗಿ, ಬಲಗೈಲೆ ಉಣ್ಣ."

"ಅದು ಹಿಡಿಯೋ ಕೈ, ದೊಡ್ಡಾಯಿ" ಎಂದಳು ಸಾವಿ.

"ಹೊಸಾ ಮನಿ, ಮೊದಲನೇ ಪಂಕ್ತಿ, ಮಂದಿ ನೋಡಾಕತ್ತಾರ" ಎಂದು ನೆಗೆಣ್ಣಿ ನನ್ನ ಕಡೆ ಬಾಗಿದಳು. "ನೀನರ ಒಂದೆರಡ ತುತ್ತ ಉಣಿಸವಾ ತಂಗಿ. ಇವತ್ತೊಂದಿನ."

ಪಂಕ್ತಿಯೆಲ್ಲ ನಮ್ಮತ್ತ ನೋಡಿತು. ನಾನು ಹತ್ತು ಎಣಿಸಲಿಲ್ಲ. ನನ್ನ ಬಲಗೈ ತಾನಾಗಿ ಎದ್ದು, ಹೋಳಿಗೆ ಮುರಿದು, ತುಪ್ಪಕ್ಕೆ ಅದ್ದಿ, ಹುಡುಗಿಯ ಬಾಯಿಯ ಮುಂದೆ ಹೋಗಿ ನಿಂತಿತು.

ಹುಡುಗಿ ಬಾಯಿ ತೆರೆಯಲಿಲ್ಲ.

ಅಳಲೂ ಇಲ್ಲ, ಕೂಗಲೂ ಇಲ್ಲ. ತುಟಿ ಬಿಗಿ ಹಿಡಿದು ನನ್ನನ್ನೇ ನೋಡಿದಳು. ಎಡಗೈಯನ್ನು ಲಂಗದ ಕೆಳಗೆ ಇಟ್ಟುಕೊಂಡಳು. ಆರು ವರ್ಷ ನನ್ನ ಕೈಯಿಂದ ಉಂಡ ಬಾಯಿ ಅದು. ತುಪ್ಪ ನನ್ನ ಮೊಣಕೈವರೆಗೆ ಸೋರಿತು. ಆ ಪಂಕ್ತಿಯಲ್ಲಿ ಎಲ್ಲರೂ ಉಂಡರು, ಅವಳೊಬ್ಬಳು ಉಪವಾಸ ಎದ್ದಳು. ಅಕ್ಕೋರು ಅಲ್ಲಿದ್ದಿದ್ದರೆ ಥಾಂಬಾ ಎನ್ನುತ್ತಿದ್ದರು. ಅವರಿಲ್ಲದಾಗ ಅನ್ನುವವರು ಯಾರು ಎಂದು ಮನೆ ಮುಟ್ಟುವವರೆಗೆ ಯೋಚಿಸಿದೆ.

ಮರುದಿನ ಬೆಳಿಗ್ಗೆ ಸಾವಿ ಜಗಲಿಯಲ್ಲಿ ಚಹಾಕ್ಕೆ ರೊಟ್ಟಿ ಅದ್ದುತ್ತಿದ್ದಳು. ನೆಗೆಣ್ಣಿ ಉಳಿದ ಹೋಳಿಗೆಯನ್ನು ಸ್ಟೀಲು ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಶಾಂತಿಯ ಹೋಳಿಗೆ ಅಣ್ಣತಮ್ಮಂದಿರ ಮನೆಗೆಲ್ಲ ಹಂಚುವುದು ನಮ್ಮಲ್ಲಿ ರೂಢಿ. ಹಿಂದೆಯೇ ಎದುರು ಮನೆಯಾಕೆಯೂ ಬಂದು ನಿಂತಳು, ಎಂದಿನಂತೆ ಮೊಸರಿಗೆ.

"ತಗೋ ತಂಗಿ" ಎಂದು ನೆಗೆಣ್ಣಿ ಡಬ್ಬಿ ಚಾಚಿದಳು.

ನಾನು ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಎಡಗೈ ಚಾಚಿದೆ.

ನೆಗೆಣ್ಣಿ ಡಬ್ಬಿ ಹಿಂದಕ್ಕೆ ಎಳೆದುಕೊಂಡಳು. "ಇದೇನ? ತಲಿಗಿಲಿ ಕೆಟ್ಟೈತೇನ? ಶಾಂತಿ ಹೋಳಿಗಿ ಇದು!"

"ಅಕ್ಕಾ, ಕಣಕದಾಗ ಹೂರಣ ತುಂಬೋ ಮುಂದ ನಿನ್ನ ಎಡಗೈ ಎಲ್ಲಿಟ್ಟಿದ್ದಿ?"

ನೆಗೆಣ್ಣಿ ಬಾಯಿ ತೆರೆದಳು. ಮುಚ್ಚಿದಳು. ಆ ದಾರಿ ನನಗೆ ಗೊತ್ತಿದ್ದದ್ದೇ. ಎದುರು ಮನೆಯಾಕೆ ತನ್ನ ಎಡ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ನಾನು ಕೈ ಹಿಂದೆ ತೆಗೆಯಲಿಲ್ಲ. ಜಗಲಿಯ ಮೇಲಿಂದ ಸಾವಿ ನಿಧಾನವಾಗಿ ಎಣಿಸತೊಡಗಿದಳು: ಒಂದು... ಎರಡು... ಮೂರು...

ಏಳಕ್ಕೆ ಡಬ್ಬಿ ನನ್ನ ಎಡಗೈಗೆ ಬಂತು. ಭಾರವಿತ್ತು, ಬೀಳಿಸಲಿಲ್ಲ. ಒಯ್ದು ಹುಡುಗಿಯ ಮುಂದೆ ಇಟ್ಟೆ, ಮುಚ್ಚಳವನ್ನು ಮಾತ್ರ ನಾನು ತೆಗೆಯಲಿಲ್ಲ.